ನಾಲ್ಕನೇ ಚೌಕದಲ್ಲಿ ಉಳಿದುಹೋದ ಒಂದು ಕರೆ

ವಾಹಿನಿಯ ಕಾರ್ಯಕ್ರಮ ಮುಖ್ಯಸ್ಥರಿಗೆ,

ಮಾನ್ಯರೇ, ನಿಮ್ಮ ಕಚೇರಿಯ ಯಂತ್ರವೊಂದರಲ್ಲಿ ಒಬ್ಬ ಹೆಂಗಸಿನ ದನಿ ಇದೆ. ಬರುವ ಬುಧವಾರ ಅದು ಅಳಿಸಿಹೋಗುತ್ತದೆ, ಜೊತೆಗೆ ಆಕೆಯ ದೂರವಾಣಿ ಸಂಖ್ಯೆಯೂ. ಅದನ್ನು ಉಳಿಸಿ ನನ್ನ ಕೈಗೆ ಕೊಡಿ ಎಂದು ತಮಗೆ ಎರಡು ಸಲ ಬರೆದೆ. ಎರಡು ಸಲವೂ “ತಮ್ಮ ಅಮೂಲ್ಯ ಅಭಿಪ್ರಾಯವನ್ನು ದಾಖಲಿಸಿಕೊಳ್ಳಲಾಗಿದೆ” ಎಂಬ ಉತ್ತರ ಬಂತು. ಆ ಒಕ್ಕಣೆ ನನಗೆ ಬಾಯಿಪಾಠ. ದಿನಕ್ಕೆ ನೂರು ಸಲ ಅದನ್ನು ಜನರಿಗೆ ಕಳಿಸುವವಳೇ ನಾನು. ಬೇರೆ ದಾರಿ ಕಾಣದೆ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ನಿಮ್ಮ ವೀಕ್ಷಕರ ಅಭಿಪ್ರಾಯ ವಿಭಾಗದವಳು. ಅಂಥದ್ದೊಂದು ವಿಭಾಗ ಇದೆಯೆಂದು ತಮಗೆ ನೆನಪಿರಲಿಕ್ಕಿಲ್ಲ. ಅದು ನೆಲಮಾಳಿಗೆಯಲ್ಲಿ, ಕೆಟ್ಟುಹೋದ ಕುರ್ಚಿಗಳನ್ನು ಪೇರಿಸಿಟ್ಟ ಕೋಣೆಯ ಪಕ್ಕದಲ್ಲಿದೆ. ಐದು ಮೇಜು, ಐದು ಫೋನು, ನನ್ನದು ಮೂರನೆಯದು. ಮಹಿಳಾ ಇನ್ಸ್‌ಪೆಕ್ಟರ್ ಒಬ್ಬಳು ಕೊಲೆಗಳನ್ನು ಪತ್ತೆ ಹಚ್ಚುವ ನಿಮ್ಮ ಹೆಸರಾಂತ ಧಾರಾವಾಹಿ ಬುಧವಾರ ಪ್ರಸಾರವಾಗುತ್ತದೆ. ಗುರುವಾರ ಬೆಳಿಗ್ಗೆ ಹತ್ತರಿಂದ ನಮ್ಮ ಕಿವಿ ನಮ್ಮದಲ್ಲ. ಇನ್ಸ್‌ಪೆಕ್ಟರ್ ಮೇಡಂ ಯಾಕೆ ನಗುವುದಿಲ್ಲ? ಮಗುವಿಗೆ ಜ್ವರ ಬಂದಿರುವಾಗ ಹೆಣದ ಮುಂದೆ ನಿಂತಿದ್ದಾಳಲ್ಲ, ಇವಳೆಂಥ ತಾಯಿ? ಕೊಲೆಗಾರನನ್ನು ಅವಳ ಕೈಕೆಳಗಿನ ಹುಡುಗ ಹಿಡಿದಿದ್ದರೆ ನೋಡುವುದಕ್ಕೆ ಚೆನ್ನಾಗಿರುತ್ತಿರಲಿಲ್ಲವೇ? ಹಿರಿಯರೊಬ್ಬರು ವಾರ ತಪ್ಪದೆ ಮೇಡಂ ಶೂಗಳ ಬಗ್ಗೆ ಅಸಮಾಧಾನ ತೋಡಿಕೊಳ್ಳುತ್ತಾರೆ. ಒಮ್ಮೆ ನನ್ನ ಅತ್ತೆಯೇ ಕರೆ ಮಾಡಿ, ಎತ್ತಿದವಳು ನಾನೆಂದು ತಿಳಿಯದೆ, ಹೊರಗೆ ದುಡಿಯುವ ಹೆಂಗಸರ ಅಡುಗೆಮನೆ ಯಾವ ಸ್ಥಿತಿಯಲ್ಲಿರುತ್ತದೆಂದು ನನಗೇ ವಿವರಿಸಿದರು. ನಡುನಡುವೆ “ಹೌದು ಮೇಡಂ, ಅರ್ಥವಾಯಿತು ಮೇಡಂ” ಎನ್ನುತ್ತ ಅದನ್ನೂ ಬರೆದುಕೊಂಡೆ.

ಬರೆದುಕೊಳ್ಳುವ ಹಾಳೆಯಲ್ಲಿ ನಾಲ್ಕು ಚೌಕಗಳಿವೆ: ಕಥೆ, ಪಾತ್ರ, ಉಡುಪು, ಅಪ್ರಸ್ತುತ. ಮೊದಲ ಮೂರರ ಲೆಕ್ಕ ತಮ್ಮ ಮಹಡಿಗೆ ಏರುತ್ತದೆ, ನಾಲ್ಕನೆಯದು ನಮ್ಮೊಂದಿಗೆ ನೆಲಮಾಳಿಗೆಯಲ್ಲೇ ಕೊಳೆಯುತ್ತದೆ. ವೀಕ್ಷಕರು ತಮ್ಮ ಸ್ವಂತ ವಿಷಯ ತೆಗೆದರೆ ಯೋಚಿಸದೆ ನಾಲ್ಕನೆಯದಕ್ಕೆ ಗೀಟು ಹಾಕಬೇಕೆಂಬುದು ನಿಯಮ. ಹೀಗಾಗಿ ಶೂ ಪ್ರಸ್ತುತ. “ನನ್ನ ಮಗಳಿಗೂ ಹೀಗೇ ಆಯಿತಮ್ಮ” ಎಂದು ಬಿಕ್ಕಿದ ತಾಯಿ ಅಪ್ರಸ್ತುತ. ಈಗ ತಾವು, ವೀಕ್ಷಕರ ಅಭಿಪ್ರಾಯಕ್ಕೆ ತಲೆಬಾಗಿ, ಮೇಡಂ ರಾಜೀನಾಮೆ ಕೊಟ್ಟು ಮದುವೆಯಾಗುತ್ತಾಳೆಂದು ಪ್ರಕಟಿಸಿದ್ದೀರಿ. ಯಾವ ವೀಕ್ಷಕರು ಸ್ವಾಮಿ? ನಾವು ನಾಲ್ಕನೇ ಚೌಕಕ್ಕೆ ತಳ್ಳಿದವರನ್ನು ಬಿಟ್ಟು ಉಳಿದವರು ತಾನೇ?

ಆದರೆ ಮೇಡಂ ಪರವಾಗಿ ವಾದಿಸಲು ನಾನು ಕೂತಿಲ್ಲ. ನನ್ನ ಸಂಕಟ ಬೇರೆ. ಗುರುವಾರ ಹನ್ನೊಂದು ಗಂಟೆಗೆ ಸರಿಯಾಗಿ ಒಬ್ಬಾಕೆ ಕರೆ ಮಾಡುತ್ತಿದ್ದರು. ಹೆಸರು ಹೇಳಿದವರಲ್ಲ. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ, ನಾವೆಲ್ಲ ದೊಡ್ಡಕ್ಕ ಎನ್ನುವವರು, ಗಡಿಯಾರ ನೋಡಿ “ತಗೋ, ನಿನ್ನ ಹನ್ನೊಂದು ಗಂಟೆಯವರು” ಎಂದು ನಗುತ್ತಿದ್ದರು. ಆಕೆಯ ಮಾತಿನ ಹಿಂದೆ ಯಾವಾಗಲೂ ನೀರು ಸುರಿಯುವ ಸದ್ದು. ನಲ್ಲಿ ನಿಲ್ಲಿಸಿ ಮಾತಾಡಿ, ಸರಿಯಾಗಿ ಕೇಳಿಸುತ್ತಿಲ್ಲ ಎಂದು ಒಮ್ಮೆ ಸ್ವಲ್ಪ ಗದರಿದ್ದೂ ಉಂಟು. ಹೊರಗೆ ಮನೆಯವರಿದ್ದಾರೆ, ನಿಲ್ಲಿಸಿದರೆ ಕೇಳಿಸುತ್ತದೆ ಎಂದರು. ನಮಗೆ ಕೇಳಿಸಬಾರದೆಂದಲ್ಲ, ಅವರಿಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಂಡಿದ್ದರು. ಅಷ್ಟಕ್ಕಾದರೂ ನನ್ನ ತಲೆ ಓಡಬೇಕಿತ್ತು. ಕೇಳುತ್ತಿದ್ದದ್ದು ಮೇಡಂ ಬಗ್ಗೆಯೇ: ಕಥೆಯ ಆ ಹೆಂಗಸಿನ ಗಾಯದ ಫೋಟೋ ಮೇಡಂ ತೆಗೆಸಿದರಲ್ಲ, ಎಷ್ಟು ದಿನದೊಳಗೆ ತೆಗೆಸಬೇಕು? ಗಂಡ ಕ್ಷಮೆ ಕೇಳಿದ ಮೇಲೂ ದೂರು ಕೊಡಬಹುದೇ? ನಾನು ಪ್ರತಿ ಸಲ ನಾಲ್ಕನೇ ಚೌಕಕ್ಕೆ ಗೀಟು ಎಳೆದು, ಪಕ್ಕದಲ್ಲಿ ‘ಪುನರಾವರ್ತನೆ’ ಎಂದು ಬರೆದೆ. (ಆಕೆಯ ಗುರುತು ಸಿಗದಿರಲೆಂದು ಇಲ್ಲಿ ಒಂದೆರಡು ವಿವರ ಬದಲಿಸಿದ್ದೇನೆ.)

ಕೊನೆಯ ಸಲ ಕರೆ ಮಾಡಿದಾಗ ಮಾತು ತೊದಲುತ್ತಿತ್ತು. ತುಟಿ ಊದಿದೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಅವರೇ ನನ್ನ ಕ್ಷಮೆ ಕೇಳಿದರು. ಆಮೇಲೆ ಕೇಳಿದ್ದು ಇದು:

“ನಿನ್ನೆ ಮೇಡಂ ಹೇಳಿದ್ರಲ್ಲ, ಯಾವ ಠಾಣೆಗೆ ಬೇಕಾದ್ರೂ ಹೋಗಿ ದೂರು ಕೊಡಬಹುದು, ಅವರು ತಗೊಳ್ಳಲೇಬೇಕು ಅಂತ. ಅದು ನಿಜಾನಾ, ಇಲ್ಲ ಕಥೆಗೋಸ್ಕರ ಹೇಳಿದ್ದಾ? ನಮ್ಮ ಠಾಣೇಲಿ ಇರೋದು ನನ್ನ ಮೈದುನಾನೇ.”

ಮಾನ್ಯರೇ, ‘ಇದು ನಿಜವೇ’ ಎಂದು ಯಾರಾದರೂ ಕೇಳಿದರೆ ಓದಿ ಹೇಳಲು ತಾವೊಂದು ಸಾಲು ಬರೆಸಿ, ಪ್ರತಿ ಮೇಜಿಗೂ ಅಂಟಿಸಿದ್ದೀರಿ. ಕೊಲೆಗಡುಕನ ಪಾತ್ರ ತನ್ನನ್ನೇ ಕುರಿತದ್ದೆಂದು ಯಾರೋ ಜಗಳ ತೆಗೆದ ಮೇಲೆ ಬಂದ ಸಾಲು ಅದು. ನಾನು ಓದಿದೆ: ಈ ಧಾರಾವಾಹಿಯ ಪಾತ್ರ, ಸ್ಥಳ, ಸನ್ನಿವೇಶ ಮತ್ತು ಸಂಭಾಷಣೆಗಳು ಸಂಪೂರ್ಣ ಕಾಲ್ಪನಿಕ.

“ಎಲ್ಲಾನೂನಾ?” ಎಂದರು.

“ಎಲ್ಲಾನೂ” ಎಂದೆ.

ಆ ಮಾತು ತಮ್ಮ ಹಾಳೆಯಲ್ಲಿರಲಿಲ್ಲ, ನನ್ನದೇ. ಸಾಲಿನಲ್ಲಿ ಆರು ಕರೆಗಳು ಕಾಯುತ್ತಿದ್ದವು, ಬೇಗ ಮುಗಿಸಬೇಕಿತ್ತು. ಸರಿ ಬಿಡಿ ಎಂದರು. ನಲ್ಲಿ ನಿಂತಿತು, ಫೋನೂ ನಿಂತಿತು. ಅದಾದ ಮೇಲೆ ಹನ್ನೆರಡು ಗುರುವಾರಗಳು ಹೋಗಿವೆ. ಹನ್ನೊಂದಾಗುತ್ತಿದ್ದಂತೆ ದೊಡ್ಡಕ್ಕ ಈಗಲೂ ಗಡಿಯಾರ ನೋಡುತ್ತಾರೆ, ಆಮೇಲೆ ನನ್ನ ಫೋನನ್ನು.

ಮೂರು ವಾರದ ಹಿಂದೆ ಲಿಫ್ಟಿನಲ್ಲಿ ಧಾರಾವಾಹಿಯ ಸಂಭಾಷಣೆ ಬರೆಯುವವರು ಸಿಕ್ಕರು. ಆ ಠಾಣೆಯ ಮಾತು ನಿಮ್ಮ ಕಲ್ಪನೆಯೇ ಎಂದು ಕೇಳಿದೆ. ಅವರಿಗೆ ಸಿಟ್ಟೇ ಬಂತು. ಅದೊಂದು ಸಾಲಿಗಾಗಿ ಮೂರು ದಿನ ವಕೀಲರ ಮನೆಗೆ ಅಲೆದಿದ್ದಾರಂತೆ. “ಉಳಿದಿದ್ದೆಲ್ಲ ಸುಳ್ಳು ಅನ್ನಿ, ಒಪ್ತೀನಿ. ಅದು ಮಾತ್ರ ಅಪ್ಪಟ ಕಾನೂನು” ಎಂದರು. ಇಡೀ ಧಾರಾವಾಹಿಯಲ್ಲಿದ್ದ ಒಂದೇ ಒಂದು ನಿಜವನ್ನು, ಅದು ಬೇಕಾಗಿದ್ದ ಒಬ್ಬಳೇ ಒಬ್ಬಳಿಗೆ, ಸುಳ್ಳು ಎಂದು ಹೇಳಿದವಳು ನಾನು.

ಅವತ್ತೇ ಮೇಲ್ವಿಚಾರಕರ ಬಳಿ ಓಡಿದೆ. ನಮ್ಮ ಫೋನುಗಳಲ್ಲಿ ಸಂಖ್ಯೆ ಕಾಣುವುದಿಲ್ಲ, ಕರೆಗಳನ್ನು ಮುದ್ರಿಸಿಕೊಳ್ಳುವ ಯಂತ್ರದೊಳಗೆ ತೊಂಬತ್ತು ದಿನ ಇರುತ್ತದೆ, ತೆಗೆಸಿಕೊಡಿ ಎಂದೆ. ಅವರು ಕೆಟ್ಟವರೇನಲ್ಲ, ಕುರ್ಚಿ ಕೊಟ್ಟು ಕೂರಿಸಿಯೇ ಇಲ್ಲವೆಂದರು. ವೀಕ್ಷಕರ ಖಾಸಗಿತನ ಕಾಪಾಡುವುದು ವಾಹಿನಿಯ ಕರ್ತವ್ಯವಂತೆ. ಕೈ ಮುಗಿದೆ. ಅದೇ ಸಂಖ್ಯೆಗಳಿಗೆ ತಮ್ಮ ಪ್ರಚಾರ ವಿಭಾಗ ಹೊಸ ಹಾಸ್ಯ ಧಾರಾವಾಹಿಯ ಸಂದೇಶ ಕಳಿಸುವಾಗ ಈ ಖಾಸಗಿತನ ಎಲ್ಲಿ ಮಲಗಿರುತ್ತದೆ? ಮೈದುನನಿರುವ ಠಾಣೆಯೊಂದೇ ಗತಿ ಎಂದು ನಂಬಿಕೊಂಡು ಮನೆಯಲ್ಲಿ ಕೂತವಳ ಖಾಸಗಿತನ ಕಾಪಾಡಿ ಯಾರಿಗೆ ಉಪಕಾರ ಮಾಡುತ್ತಿದ್ದೇವೆ?

ಬುಧವಾರಕ್ಕೆ ತೊಂಬತ್ತು ದಿನ ತುಂಬುತ್ತದೆ. ಅದೇ ಬುಧವಾರ ತಮ್ಮ ಮೇಡಂ ಮದುವೆಯ ವಿಶೇಷ ಸಂಚಿಕೆ. ಧಾರಾಳವಾಗಿ ಮಾಡಿಸಿ, ಬೇಕಿದ್ದರೆ ನಗಿಸಿ, ಶೂ ಬಿಚ್ಚಿಸಿ. ನನ್ನ ಒತ್ತಾಯ ಒಂದೇ: ಅಳಿಸುವ ಮೊದಲು ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕೆಳಗೆ ಕಳಿಸಿಕೊಡಿ. ನಿಯಮ ಮುರಿದ ತಪ್ಪಿಗೆ ಆಮೇಲೆ ನನ್ನನ್ನು ತೆಗೆದುಹಾಕಿ, ತಕರಾರಿಲ್ಲ. ಯಾವ ಹೊತ್ತಿಗೆ ಕರೆ ಮಾಡಬೇಕೆಂದು ನನಗೆ ಗೊತ್ತು. ಬೇರೆ ಯಾರಾದರೂ ಎತ್ತಿದರೆ, ಮೇಡಂ ಮದುವೆ ಬಗ್ಗೆ ತಮ್ಮ ಅಭಿಪ್ರಾಯವೇನು ಎಂದು ಕೇಳಿ ಇಟ್ಟುಬಿಡುತ್ತೇನೆ. ಆ ವಿದ್ಯೆ ತಾವೇ ಕಲಿಸಿದ್ದೀರಿ. ಅವರೇ ಎತ್ತಿದರೆ ಹೇಳುವುದು ಇಷ್ಟೆ: “ಅವತ್ತು ಎಲ್ಲಾನೂ ಅಂದೆನಲ್ಲ, ತಪ್ಪಾಯ್ತಮ್ಮ. ಆ ಮಾತು ನಿಜ. ಬೇರೆ ಠಾಣೆಗೆ ಹೊರಡಿ, ನಾನೂ ಜೊತೆಗೆ ಬರ್ತೀನಿ.” ಯಾರೂ ಎತ್ತದಿದ್ದರೆ ಏನು ಮಾಡಬೇಕೆಂದು ತಮ್ಮ ಹಾಳೆಯಲ್ಲೂ ಇಲ್ಲ, ನನಗೂ ತಿಳಿಯದು.

ಇಂತಿ,
ಗೀಟು ಎಳೆದ ಕೈಯಿಂದಲೇ ಇದನ್ನು ಬರೆದ
ಮೂರನೇ ಮೇಜಿನವಳು