ಬದಲಿ ಉಸಿರು

ಇಸವಿ 2211, ಹದಿಮೂರನೆಯ ತಿಂಗಳು, ಮೂರನೆಯ ದಿನ
ಮಾದನೂರು

ನಮಗಿಂತ ಮುಂಚೆ ಬಾಳಿದ ಹಿರಿಯರಿಗೆ, ಅದರಲ್ಲೂ ಕಾನೂನು ಮಾಡುವ ಕುರ್ಚಿಯಲ್ಲಿ ಕೂತವರಿಗೆ, ಜವರಮ್ಮನ ನಮಸ್ಕಾರ.

ಹದಿಮೂರನೆಯ ತಿಂಗಳು ಎಂದು ನೋಡಿ ಯಾವಳೋ ತಲೆಕೆಟ್ಟವಳು ಅಂದುಕೊಳ್ಳಬೇಡಿ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೊನೆಗೆ ಮಿಕ್ಕುವ ಐದು ದಿನಕ್ಕೆ ಉಳಿಕೆ ತಿಂಗಳು ಎನ್ನುತ್ತೇವೆ. ಆಗ ಯಾರಿಗೂ ಕೆಲಸವಿಲ್ಲ. ಹಿಂದಿನವರಿಗೆ ಕಾಗದ ಬರೆಯುವುದು ರೂಢಿ. ಮುಟ್ಟುತ್ತದೋ ಇಲ್ಲವೋ ಯಾರೂ ಹೇಳಿಲ್ಲ. ಮುಟ್ಟದಿದ್ದರೆ ಏನು ಗತಿ ಅಂತ ಭಯ, ಮುಟ್ಟಿಬಿಟ್ಟರೆ ಏನು ಗತಿ ಅಂತ ಇನ್ನೂ ಭಯ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ನಡುವೆ ಎರಡು ಸಲ ಬಿಟ್ಟು. ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ.

ನಮ್ಮಲ್ಲಿ ಊದುಗೊಳವೆ ಅಂತ ಒಂದಿದೆ. ನಿಮ್ಮ ಕಾಲದಲ್ಲಿ ಒಲೆ ಊದುವುದಕ್ಕೆ ಆ ಹೆಸರಿತ್ತಂತೆ. ನಮ್ಮದು ಬೆರಳುದ್ದದ ಗಾಜಿನ ಕೊಳವೆ. ಬಸ್ಸು, ರೇಷನ್ ಅಂಗಡಿ, ಶಾಲೆ, ಆಸ್ಪತ್ರೆ, ಎಲ್ಲದರ ಬಾಗಿಲಲ್ಲೂ ತೂಗುತ್ತಿರುತ್ತದೆ. ಊದಿದರೆ ಎದೆಯಲ್ಲಿ ಹೊಗೆ ಎಷ್ಟಿದೆ ಅಂತ ಅಂಕಿ ತೋರಿಸುತ್ತದೆ. ಹತ್ತು ದಾಟಿದವರ ಹೆಸರು ಬಸ್ ಸ್ಟ್ಯಾಂಡಿನ ಉಸಿರು ಹಲಗೆಗೆ ಏರುತ್ತದೆ, ಅವರು ನಲವತ್ತು ದಿನ ಬಿಡಿಸುವ ಮನೆಯಲ್ಲಿ ಇರಬೇಕು. ಅಲ್ಲಿ ಹೊಡೆತ ಬಡಿತ ಏನಿಲ್ಲ. ಬಿಸಿ ಊಟ ಹಾಕುತ್ತಾರೆ, ಔಷಧಿ ಕೊಡುತ್ತಾರೆ. ಕಾನೂನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಕೆಮ್ಮು ಕೇಳದೆ ಬೆಳೆದ ಮಕ್ಕಳು ನಮ್ಮ ಬೀದಿಯಲ್ಲಿದ್ದಾರೆ. ಅದು ಈ ಕಾನೂನಿನ ಪುಣ್ಯ.

ಈ ಕಾನೂನು ತಂದವರು ನಮ್ಮ ಸಭೆಯ ಯಜಮಾನರು ಮಲ್ಲರಾಜಯ್ಯನವರು. ಅವರು ಸೇದುತ್ತಾರೆ. ಸಭೆಗೆ ಮುಂಚೆ ಎರಡು, ಆದಮೇಲೆ ಮೂರು, ಹಿತ್ತಲ ನೀರಿನ ತೊಟ್ಟಿಯ ಮರೆಯಲ್ಲಿ ನಿಂತು. ಅದು ಗೊತ್ತಿದ್ದವಳು ನಾನೊಬ್ಬಳೇ, ಯಾಕೆಂದರೆ ನಾನು ಅವರ ಬದಲಿ ಉಸಿರಿನವಳು. ಸಭೆಯವರಿಗೆ ಬಿಡುವಿರುವುದಿಲ್ಲ ಅಂತ ಕಾನೂನಿನ ಕೊನೆಗೆ ಒಂದು ಸಾಲು ಸೇರಿಸಿದ್ದಾರೆ: ಅವರ ಪರವಾಗಿ ಆಳೊಬ್ಬರು ಊದಬಹುದು. ಊರಿನವರಿಗೆ ಆ ಸಾಲಿನ ಸುದ್ದಿಯೇ ಇಲ್ಲ. ಎಂಟು ವರ್ಷ ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಾನು ಊದಿದೆ. ದಿನಾ ಸೊನ್ನೆ. ಆ ಸೊನ್ನೆಯನ್ನು ಅವರ ಹೆಸರಿನ ಮುಂದೆ ಹಲಗೆಯ ನೆತ್ತಿಯ ಮೇಲೆ ಹಾಕಿ, ಆದರ್ಶ ಉಸಿರು, ಮೂರೇ ದಿನದಲ್ಲಿ ಬಿಟ್ಟವರು ಎಂದು ಬರೆಸಿದರು. ನನಗೆ ಒಳಗೊಳಗೇ ಹೆಮ್ಮೆ ಕೂಡ ಇತ್ತು. ಅದನ್ನು ಹೇಳಿಕೊಳ್ಳುವುದಕ್ಕೆ ಈಗ ನಾಚಿಕೆಯಾಗುತ್ತದೆ.

ಅವರನ್ನು ಕಳ್ಳ ಅಂದುಕೊಳ್ಳಬೇಡಿ. ಬಿಡಬೇಕು ಅಂತ ಹೆಣಗಿದವರೇ. ಒಂದು ಸಲ ಆ ಮರೆಯಲ್ಲೇ ಅಂದರು: "ಜವರಮ್ಮ, ನಾನು ಸೇದ್ತೀನಿ ಅಂತ ಗೊತ್ತಾದ್ರೆ ಆಚೆ ಪಕ್ಷದೋರು ಕಾನೂನನ್ನೇ ಕಿತ್ತಾಕ್ತಾರೆ ಕಣವ್ವ. ನಾನು ಹಾಳಾದ್ರೂ ಚಿಂತೆಯಿಲ್ಲ, ಮಕ್ಕಳು ಉಳೀಲಿ." ನಾನು ನಂಬಿದೆ. ಈಗಲೂ ಅದು ಸುಳ್ಳು ಅನ್ನಿಸುವುದಿಲ್ಲ. ಅದಕ್ಕೇ ಸಂಕಟ.

ನನಗೊಬ್ಬ ಅಣ್ಣ, ದ್ಯಾವಯ್ಯ. ಮೂವತ್ತು ವರ್ಷ ಕದ್ದು ಬೀಡಿ ಸೇದಿದವನು. ಹಲಗೆ ಮುಂದೆ ನಿಂತು ತಲೆ ಅಲ್ಲಾಡಿಸುತ್ತಿದ್ದ. "ಆ ವಯ್ಯ ಮೂರೇ ದಿಸಕ್ಕೆ ಬುಟ್ಟ ನೋಡವ್ವ ಜವ್ರಿ. ನಾನು ಮೂವತ್ತು ವರ್ಸದಿಂದ ಬುಡ್ತಾನೇ ಇವ್ನಿ." ನಗಿಸುವುದಕ್ಕೆ ಅನ್ನುತ್ತಿದ್ದ, ನಾನೂ ನಗುತ್ತಿದ್ದೆ. ಆಮೇಲೆ ಅಂಕಿ ಹತ್ತರ ಅಂಚಿಗೆ ಬಂದಾಗ ಅವನು ಬಸ್ಸು ಹತ್ತುವುದು ಬಿಟ್ಟ. ರೇಷನ್ನಿಗೆ ಅತ್ತಿಗೆಯನ್ನು ಕಳಿಸತೊಡಗಿದ. ಕೆಮ್ಮಿದರೆ ಟವೆಲ್ಲಿನಲ್ಲಿ ರಕ್ತ. ಆಸ್ಪತ್ರೆಗೆ ನಡಿ ಅಂದರೆ, ಆ ಬಾಗಿಲಲ್ಲಿ ಊದಬೇಕಲ್ಲ, ಅಂಥಾ ಮನುಸನ ಹೆಸರಿನ ಕೆಳಗೆ ನನ್ನ ಹೆಸರು ಬರಬೇಕಾ ಅಂತ ಗೋಡೆ ಕಡೆ ಹೊರಳುತ್ತಿದ್ದ. ಅತ್ತಿಗೆ ಸಾಕಮ್ಮ ಬಾಯಿ ಮಾಡುತ್ತಿದ್ದಳು: "ಮಾನ ಕಟ್ಕೊಂಡು ಮಣ್ಣಿಗೋಗು, ನಂಗೇನು." ಅಂದು ಒಳಗೆ ಹೋಗಿ ಅಳುತ್ತಿದ್ದಳು.

ಒಂದು ಮಾತು ಸಾಕಿತ್ತು. ಆ ಸೊನ್ನೆ ಅವರದಲ್ಲ, ನನ್ನದು ಅಂತ. ನಾಳೆ ಹೇಳೋಣ, ಅಣ್ಣನ ಬಾಯಲ್ಲಿ ಮಾತು ನಿಲ್ಲದು, ಊರೆಲ್ಲ ಆದರೆ ಕಾನೂನು ಹೋಗುತ್ತದೆ, ಬೀದಿಯ ಮಕ್ಕಳ ಪಾಪ ಸುತ್ತಿಕೊಳ್ಳುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಹೀಗೆ ಲೆಕ್ಕ ಹಾಕುತ್ತ ಎಂಟು ತಿಂಗಳು ಕಳೆದೆ. ಕೊನೆಗೆ ಒಂದು ಮಧ್ಯಾಹ್ನ, ಅವನು ಗಂಜಿ ಕುಡಿಯಲಾರದೆ ಲೋಟ ಕೆಳಗಿಟ್ಟಾಗ, ಬಾಯಿಗೆ ಬಂದೇಬಿಟ್ಟಿತು. "ಅಣ್ಣ, ಆ ವಯ್ಯ ಬುಟ್ಟಿಲ್ಲ. ದಿನಾ ಸೇದ್ತಾರೆ. ಅದು ನನ್ನ ಉಸಿರು ಕಣಣ್ಣ."

ಅವನು ನನ್ನನ್ನೇ ನೋಡಿದ. ಕೋಪ ಮಾಡಲಿಲ್ಲ. "ಅಂಗಾದ್ರೆ ಇಷ್ಟು ದಿಸ ನಾನು ನಿನ್ನ ಮುಂದೆ ನಾಚ್ಕೊಂಡಿದ್ನಾ?" ಅಂತ ನಕ್ಕ, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಆಸ್ಪತ್ರೆಗೆ ನಡಿ ಮತ್ತೆ. ಮದ್ಲೇ ಯೋಳ್ಬಾರ್ದಾ" ಅಂದ. ಬಾಗಿಲಲ್ಲಿ ತಾನೇ ಊದಿದ, ಹದಿನಾಲ್ಕು ಬಂತು. ಒಳಗೆ ಡಾಕ್ಟರಮ್ಮ ಎದೆಯ ಚಿತ್ರ ಹಿಡಿದು, ಆರು ತಿಂಗಳು ಮುಂಚೆ ತಂದಿದ್ದರೆ ಅಂದರು. ಹತ್ತೊಂಬತ್ತನೆಯ ದಿನ ಅಣ್ಣ ಹೋದ.

ಯಜಮಾನರು ಮಣ್ಣಿಗೆ ಬಂದಿದ್ದರು. ನಾನು ಎಲ್ಲ ಹೇಳಿದೆ. ಮುಖ ಮುಚ್ಚಿಕೊಂಡು ಅತ್ತರು. ಬೆರಳಿನಲ್ಲಿ ಅದೇ ವಾಸನೆ. ಮರುದಿನ ಒಂಬತ್ತಕ್ಕೆ ಕೊಳವೆ ಬಂತು. ನಾನು ಊದಿದೆ. ಸೊನ್ನೆಯೇ ಬಂತು.

ಉಳಿಕೆ ತಿಂಗಳು ಮುಗಿದ ಮಾರನೆಯ ಬೆಳಿಗ್ಗೆ ಆ ಕೊಳವೆಯನ್ನು ಅವರ ಕೈಗೇ ಕೊಡಬೇಕು ಅಂತ ಗಟ್ಟಿ ಮಾಡಿದ್ದೇನೆ. ಕಾನೂನು ಬಿದ್ದರೆ ಅಂತ ನಿದ್ದೆಯಿಲ್ಲ. ಧೈರ್ಯ ಬರುತ್ತದೋ ಇಲ್ಲವೋ, ನಿಮಗೆ ಬರೆದುಬಿಟ್ಟರೆ ಹಿಂದೆ ಸರಿಯಲಾರೆ ಅಂತ ಬರೆಯುತ್ತಿದ್ದೇನೆ.

ನಿಮ್ಮಲ್ಲೂ ಸೇದುವವರು ಇದ್ದೀರಿ, ಸೇದಬಾರದೆಂದು ಕಾನೂನು ಮಾಡುವವರೂ ನೀವೇ ಇರಬಹುದು. ಮಾಡಿ. ಬಿಡಲಾಗದವರಿಗೇ ಅದರ ನೋವು ಗೊತ್ತು, ನೀವೇ ಮಾಡಬೇಕು. ಆದರೆ ನಿಮ್ಮ ಪರವಾಗಿ ಬೇರೆಯವರು ಊದಬಹುದು ಅನ್ನುವ ಆ ಸಾಲನ್ನು ಯಾರಾದರೂ ಮರ್ಯಾದೆಗೆಂದು ತಂದರೆ, ದಯವಿಟ್ಟು ಹೊಡೆದುಹಾಕಿ. ನಿಮ್ಮದು ಹದಿನಾಲ್ಕು ಬಂದರೆ ಹದಿನಾಲ್ಕು ಅಂತಲೇ ಬರೆಸಿ. ಅದನ್ನು ಓದಿ ಯಾವನೋ ಒಬ್ಬ, ದೊಡ್ಡವರಿಗೇ ಆಗಿಲ್ಲ, ನನ್ನದೇನು ಮಹಾ ಅಂದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊತ್ತಿರುವಾಗಲೇ ಆಸ್ಪತ್ರೆಗೆ ಹೊರಟಾನು.

ದ್ಯಾವಯ್ಯನ ತಂಗಿ,
ಜವರಮ್ಮ