ಹದಿನೇಳನೆಯ ಹೆಸರು

ಪ್ರಿಯ ತಾಜಬಿ,

ನೀನು ತೀರಿಕೊಂಡ ಮೂರು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಇಂದು ವಿದ್ಯಾನಗರದ ಆಸ್ಪತ್ರೆಯಲ್ಲಿ ನನ್ನ ನೆನಪಿನ ಪರೀಕ್ಷೆಯಾಯಿತು. ಗರಗದ ಬಾಲ್ಯ, ಮದುವೆಯ ವರ್ಷ, ನಿವೃತ್ತಿಯ ದಿನ, ಎಲ್ಲವನ್ನೂ ಹೇಳಿದೆ. ಬೆಳಗಿನ ನಾಷ್ಟಾ ಮಾತ್ರ ನೆನಪಾಗಲಿಲ್ಲ.

"ಚಿಂತಿ ಮಾಡಬ್ಯಾಡ್ರಿ ಬಾಯಾರ, ಬಾಯಿಪಾಠ ಇದ್ದದ್ದು ಏನರ ಹೇಳ್ರಿ," ಎಂದರು ತರುಣ ವೈದ್ಯರು.

ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿಸುತ್ತಿದ್ದಾಗಿನ ನನ್ನ ಏಳನೆಯ ತರಗತಿಯ ಹಾಜರಿ ಕೂಗಿದೆ. ನಲವತ್ತು ಹೆಸರು, ಕ್ರಮ ತಪ್ಪದೆ.

"ಖರೇ ಹೇಳ್ತೇನ್ರಿ, ನನಗ ನನ್ನ ಪೇಶಂಟರ ಹೆಸರೂ ಇಷ್ಟು ನೆನಪಿರಂಗಿಲ್ಲ," ಎಂದು ನಕ್ಕರು.

ನಾನು ನಗಲಿಲ್ಲ. ಹದಿನೇಳನೆಯದಾಗಿ ನಿನ್ನ ಮಗಳು ಮುಸರತಳನ್ನು ಕೂಗಿದ್ದೆ. ಅವಳು ಕಾಮಾಲೆಯಿಂದ ಮಲಗಿದ್ದಾಗ, "ಪರೀಕ್ಷಾ ಮುಗಿಯೂತನಕ ಹೆಸರು ಇರ್ಲಿ, ಅಂಬಕ್ಕಾ," ಎಂದು ನೀನು ಬೇಡಿಕೊಂಡರೂ, ಗೈರುಹಾಜರಿಯ ನಿಯಮವೆಂದು ಅವಳ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವಳು ನಾನೇ. ಅವಳು ಮತ್ತೆ ಶಾಲೆಗೆ ಬರಲಿಲ್ಲ. ನೀನೂ ಮತ್ತೆಂದೂ ನನ್ನೊಡನೆ ಮಾತನಾಡಲಿಲ್ಲ.

ಅಂದಿನಿಂದ ಹದಿನಾರರ ನಂತರ ಹದಿನೆಂಟನ್ನೇ ಕೂಗುತ್ತಿದ್ದೆ. ಇಂದು ಅವಳು ಎಲ್ಲಿಂದ ಬಂದಳು? ಅವಳನ್ನು ಬಿಟ್ಟು ಕೂಗಬೇಕೆಂಬುದನ್ನು ಮರೆತದ್ದೇ ನನ್ನ ಮರೆವಿನ ಆರಂಭವೇ? ಎಲ್ಲೂ ತಡವರಿಸದ್ದರಿಂದ ವೈದ್ಯರು ತಪ್ಪಿಲ್ಲವೆಂದು ಬರೆದುಕೊಂಡರು. ತಿದ್ದಲೆಂದು ಬಾಯಿ ತೆರೆದೆ. ಅವಳ ಹೆಸರನ್ನು ಮತ್ತೊಮ್ಮೆ ತೆಗೆಯಲಾಗದೆ ಸುಮ್ಮನಾದೆ.