ಬಾಡಿಯೋ ಲೆನ್ಸೋ

ಅಕ್ಟೋಬರ್ 21, ಸೋಮವಾರ

ಬೆಳಿಗ್ಗೆಯಿಂದ ಲೆನ್ಸ್ ಒರೆಸುವುದೇ ಕೆಲಸ. ಮಳೆ ಬಿಟ್ಟ ಮೇಲೆ ಪ್ರತಿವರ್ಷ ಇದೊಂದು. ಸ್ಟುಡಿಯೋದ ಬೀರುವಿನೊಳಗೆ ನಾಲ್ಕು ತಿಂಗಳು ಬಲ್ಬು ಉರಿಸಿಟ್ಟರೂ ದೊಡ್ಡ ಝೂಮ್ ಲೆನ್ಸಿನ ಒಳಗೆ ಫಂಗಸ್ ಹಿಡಿದಿದೆ. ಸೋದರಮಾವನಿಗೆ ತೋರಿಸಿದೆ, ಸ್ಟುಡಿಯೋ ಅವರದೇ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು.

"ಎಲ್ಲಿ? ನನಗೆ ಎಂತದೂ ಕಾಣುವುದಿಲ್ಲ."

ಒರೆಸಿದ್ದನ್ನೆಲ್ಲ ಅವರೇ ಎಣಿಸಿ ಒಳಗಿಟ್ಟರು. ಏಳು. ಬೀಗ. ಕೀ ಅಂಗಿಯ ಜೇಬಿಗೆ. ನನ್ನ ಸ್ವಂತದ್ದು ಒಂದೇ, ಫಿಫ್ಟಿ ಎಂ.ಎಂ. — ಇರುವುದರಲ್ಲೆಲ್ಲ ಅಗ್ಗದ್ದು. ಅದು ಬ್ಯಾಗಿನಲ್ಲೇ ಇರುತ್ತದೆ. ಬೇರೆ ಯಾವುದು ಬೇಕಾದರೂ ಕೇಳಬೇಕು. ಇಪ್ಪತ್ತೆಂಟು ವರ್ಷವಾಯಿತು ನನಗೆ.

ನನ್ನ ಕ್ಯಾಮರಾ ಬಾಡಿಯ ಶಟರ್ ಕೌಂಟ್, ಅಂದರೆ ಇದುವರೆಗಿನ ಕ್ಲಿಕ್ಕುಗಳ ಲೆಕ್ಕ, ಇವತ್ತು ನೋಡಿದೆ. ಎರಡು ಲಕ್ಷದ ಮೂವತ್ತೆಂಟು ಸಾವಿರ. ಇಷ್ಟು ಬಾಳಿದ್ದೇ ಹೆಚ್ಚು. ಯಾವ ಮದುವೆಯ ಯಾವ ಕ್ಲಿಕ್ಕಿಗೆ ನಿಲ್ಲುತ್ತದೋ.

ಐದು ವರ್ಷ ಕೂಡಿಟ್ಟದ್ದು ಒಂದೇ ಒಂದು ಖರೀದಿಗೆ ಸಾಕು. ಹೊಸ ಬಾಡಿ — ಇಲ್ಲವೇ ಒಳ್ಳೆಯ ಲೆನ್ಸು. ಎರಡೂ ಆಗುವುದಿಲ್ಲ.

ಅಕ್ಟೋಬರ್ 24, ಗುರುವಾರ

ನಸೀಬಾಳ ಫೋನ್, ಬಂಟ್ವಾಳದಿಂದ. ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚು. ಈಗ ಮದುಮಗಳ ಮೇಕಪ್ಪು, ಮೆಹಂದಿ ಮಾಡುತ್ತಾಳೆ.

"ತಂಗಿಯ ಮದುವೆ ಫಿಕ್ಸ್ ಆಯ್ತು ಮಾರಾಯ್ತಿ. ಸಜ್ನಾಳದ್ದು. ಡಿಸೆಂಬರ್ ಎಂಟು, ಆದಿತ್ಯವಾರ. ಹೆಂಗಸರ ಕಡೆಗೆ ನೀನೇ ಬರಬೇಕು."

ಅವರ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸು ಫೋಟೋಗ್ರಾಫರ್ ಹೋಗುವ ಹಾಗಿಲ್ಲ. ಹುಡುಗಿಯರನ್ನು ಮಂಗಳೂರಿನಿಂದ ಕರೆಸುತ್ತಾರೆ. ಬರುತ್ತೇನೆ ಎಂದೆ. ಮಾವನನ್ನು ಕೇಳದೆಯೇ ಎಂದುಬಿಟ್ಟೆ.

"ಇದೊಂದೇ ಅಲ್ಲ. ನಾನು ಮೇಕಪ್, ನೀನು ಕ್ಯಾಮರಾ — ಒಟ್ಟಿಗೆ ಮಾಡುವ. ವರ್ಷಕ್ಕೆ ಎಷ್ಟು ಮದುವೆ ಉಂಟು ಗೊತ್ತುಂಟಾ? ಎಷ್ಟು ದಿನ ಅಂತ ಮಾವನ ಎರಡನೇ ಕ್ಯಾಮರಾ ಆಗಿ ಇರ್ತಿ?"

ಗಿರಾಕಿ ಬಂದರು ಎಂದು ಸುಳ್ಳು ಹೇಳಿ ಇಟ್ಟೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಅಕ್ಟೋಬರ್ 29, ಮಂಗಳವಾರ

ಆಲ್ಬಮ್ ಪ್ರಿಂಟಿನ ನೆಪದಲ್ಲಿ ಮೂಡುಬಿದಿರೆಗೆ. ಅಲ್ಲಿ ಅಶ್ವಿತ್ ಎಂಬವರು ಫೋಟೋಗ್ರಫಿ ಬಿಡುತ್ತಿದ್ದಾರೆ. ಹೆಂಡತಿಯ ಮನೆಯವರ ಹೋಟೆಲ್ ನೋಡಿಕೊಳ್ಳಲು ಪುಣೆಗೆ ಹೋಗುವುದಂತೆ. ಎರಡು ಲೆನ್ಸ್ ಮಾರಲಿಕ್ಕಿದೆ. ಒಂದು ಇಪ್ಪತ್ತನಾಲ್ಕು-ಎಪ್ಪತ್ತು, ಸಣ್ಣ ಕೋಣೆಯನ್ನೂ ಪೂರ್ತಿ ಹಿಡಿಯುವ ಝೂಮ್; ಇನ್ನೊಂದು ಏಟಿಫೈವ್, ಮುಖ ತೆಗೆಯಲಿಕ್ಕೆ. ಫಂಗಸ್ ಇಲ್ಲ, ಗೀರಿಲ್ಲ. ನನ್ನ ಹಳೆಯ ಬಾಡಿಗೆ ನೇರ ಕೂರುತ್ತದೆ.

ಏಟಿಫೈವ್ ಹಾಕಿ ಬಾಗಿಲಲ್ಲೇ ನಿಂತು ಎದುರು ಮಲ್ಲಿಗೆ ಮಾರುವ ಹೆಂಗಸನ್ನು ತೆಗೆದೆ. ಹಿಂದಿನ ಬಸ್ಸು, ಬೋರ್ಡು, ಜನ ಎಲ್ಲ ಕರಗಿ ಆಕೆಯೊಬ್ಬಳೇ ಉಳಿದಳು. ಎಷ್ಟು ಹೊತ್ತು ನೋಡುತ್ತಾ ನಿಂತೆನೋ.

"ನವೆಂಬರ್ ಕೊನೆಯವರೆಗೆ ಬೇರೆಯವರಿಗೆ ಕೊಡುವುದಿಲ್ಲ, ಆಯ್ತಾ?" ಎಂದರು.

ಬಸ್ಸಿನಲ್ಲಿ ಬರುವಾಗ ಲೆಕ್ಕ ಸ್ಪಷ್ಟವಾಗಿತ್ತು. ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಲೆನ್ಸ್ ಇಪ್ಪತ್ತು ವರ್ಷ ಬಾಳುತ್ತದೆ. ಅದಲ್ಲ ವಿಷಯ. ಬಾಡಿ ತೆಗೆದುಕೊಂಡರೆ ಮುಂದೆಯೂ ಮಾವನ ಲೆನ್ಸೇ ಬೇಕು. ಲೆನ್ಸ್ ಇದ್ದರೆ ನಾನು ಎಲ್ಲಿಗೆ ಬೇಕಾದರೂ ಹೋಗಬಹುದು.

ನವೆಂಬರ್ 4, ಸೋಮವಾರ

ಮಾವನಿಗೆ ಮೂಡುಬಿದಿರೆಯ ಲೆನ್ಸಿನ ವಿಷಯ ಗೊತ್ತಾಗಿದೆ. ಯಾರೋ ಹೇಳಿದ್ದಾರೆ. ಫೋಟೋಗ್ರಾಫರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಏನು ತಾನೇ ಉಳಿಯುತ್ತದೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾವ ಸಾರು ಕಲಸುತ್ತಾ, ತಲೆ ಎತ್ತದೆ —

"ಲೆನ್ಸ್ ಎಂತಕ್ಕೆ ಮಗಾ ನಿನಗೆ? ಏಳು ಉಂಟಲ್ಲ ಇಲ್ಲಿ. ಬಾಡಿ ತಗೋ. ಹೊಸ ಮಿರರ್‌ಲೆಸ್. ಅಡಾಪ್ಟರ್ ಹಾಕಿದರೆ ನಮ್ಮದೆಲ್ಲ ಕೂರ್ತದೆ. ಈಗ ಪಾರ್ಟಿಯವರು ಬಂದ ಕೂಡಲೇ ಕೇಳುವುದು ಅದನ್ನೇ."

"ನೋಡ್ತೇನೆ ಮಾವ."

"ನೋಡಲಿಕ್ಕೆ ಎಂತ ಉಂಟು?"

ಬೈಯಲಿಲ್ಲ. ಅವರು ಎಂದೂ ಬೈದವರಲ್ಲ. ಅಪ್ಪ ತೀರಿಕೊಂಡು ನಾನೂ ಅಮ್ಮನೂ ಗುರುವಾಯನಕೆರೆಯ ಈ ಮನೆಗೆ ಬಂದಾಗ ನನಗೆ ಒಂಬತ್ತು ವರ್ಷ. ಕೆಳಗೆ ಸ್ಟುಡಿಯೋ, ಮೇಲೆ ಮನೆ. ಹದಿನೈದಕ್ಕೆ ಕೈಗೆ ಕ್ಯಾಮರಾ ಕೊಟ್ಟದ್ದು, ಕಾಲೇಜಿಗೆ ಕಳಿಸಿದ್ದು, ಎರಡು ಸಂಬಂಧ ನನಗೆ ಬೇಡವೆಂದಾಗ ಅತ್ತೆಯನ್ನೂ ಅಮ್ಮನನ್ನೂ ಸುಮ್ಮನಿರಿಸಿದ್ದು — ಎಲ್ಲ ಇವರೇ. ಬೈದಿದ್ದರೆ ಸುಲಭವಿತ್ತು.

ಪಾತ್ರೆ ತೊಳೆಯುವಾಗ ಅಮ್ಮ ಮೆಲ್ಲನೆ, "ಅಣ್ಣ ಹೇಳಿದ ಮೇಲೆ ಆಯ್ತಲ್ಲ ಪ್ರಾಪ್ತಿ. ನಾವಿರುವುದು ಯಾರ ಮನೆಯಲ್ಲಿ?"

ನವೆಂಬರ್ 17, ಆದಿತ್ಯವಾರ

ಬೆಳ್ತಂಗಡಿಯಲ್ಲಿ ಮದುವೆ. ಸೀಸನ್ನಿನ ಮೊದಲನೆಯದು. ಮಾವ ಮಂಟಪದ ಎದುರು, ನಾನು ಬದಿಯಲ್ಲಿ. ಧಾರೆಯ ಹೊತ್ತಿಗೆ ನೆಂಟರೆಲ್ಲ ಒತ್ತಿಕೊಂಡು ಬಂದರು. ನೀರು ಬಿದ್ದದ್ದು, ಮದುಮಗಳು ತಂದೆಯ ಮುಖ ನೋಡಿದ್ದು — ಒಂದು ಕ್ಷಣ. ನನಗೆ ಸಿಕ್ಕಿತು. ಮಾವ ಕ್ಯಾಮರಾ ಕಣ್ಣಿನಿಂದ ತೆಗೆದು ಸ್ಕ್ರೀನ್ ನೋಡಿದರು. ಮತ್ತೆ ಹತ್ತಿರ ಹಿಡಿದು ನೋಡಿದರು. ನನ್ನ ಕಡೆ ತಿರುಗಿ,

"ನಿನಗೆ ಸಿಕ್ಕಿತಾ?"

"ಸಿಕ್ಕಿತು."

ಮುಖ ಒರೆಸಿಕೊಂಡರು.

ಕಾರು ನಾನೇ ಬಿಟ್ಟೆ. ಕಳೆದ ವರ್ಷದಿಂದ ನಾನೇ ಬಿಡುವುದು, ಸೊಂಟ ನೋವು ಎನ್ನುತ್ತಾರೆ. ಅರ್ಧ ದಾರಿಯಲ್ಲಿ —

"ಆ ಹೊಸ ಬಾಡಿ ಉಂಟಲ್ಲ... ಅದು ಮನುಷ್ಯರ ಕಣ್ಣು ಎಲ್ಲಿದೆ ಅಂತ ತಾನೇ ಹುಡುಕ್ತದಂತೆ. ನಾವು ಫೋಕಸ್ ಮಾಡಬೇಕೂಂತ ಇಲ್ಲ."

"ಹೌದು."

ಎದುರು ಬಸ್ಸು ಬಂತು, ಕಾರು ಬದಿಗೆ ತೆಗೆದೆ.

ನವೆಂಬರ್ 18, ಸೋಮವಾರ

ಮಾವನ ಕಾರ್ಡ್ ಕಂಪ್ಯೂಟರಿಗೆ ಹಾಕಿದೆ. ಎಂಟುನೂರ ಹನ್ನೆರಡು ಫೋಟೋ. ಮುಖ ಸ್ಪಷ್ಟ ಇರುವುದು ಇನ್ನೂರೂ ಇಲ್ಲ. ಫೋಕಸ್ ಕಿವಿಯ ಮೇಲೆ, ಹಿಂದಿನ ಹೂವಿನ ಮೇಲೆ, ಯಾರದೋ ಭುಜದ ಮೇಲೆ.

ಹಿಂದಿನ ಸೀಸನ್ನಿನ ಫೋಲ್ಡರ್‌ಗಳನ್ನೂ ತೆರೆದೆ. ಏಪ್ರಿಲ್. ಫೆಬ್ರವರಿ. ಅದರ ಹಿಂದಿನ ಡಿಸೆಂಬರ್. ಹೀಗೇ. ಆಲ್ಬಮ್‌ಗಳಿಗೆ ಹೋದದ್ದೆಲ್ಲ ನನ್ನ ಫೋಟೋ. ಆರಿಸುವವಳು ನಾನೇ, ಆದರೂ ಗಮನಕ್ಕೆ ಬರಲಿಲ್ಲವೆ? ಬಂದಿತ್ತು. ಲೆನ್ಸಿನ ಫಂಗಸ್ಸಿನಿಂದ ಹೀಗೆ ಎಂದುಕೊಳ್ಳುವುದು ನನಗೆ ಅನುಕೂಲವಿತ್ತು.

ನವೆಂಬರ್ 20, ಬುಧವಾರ

ಮಾವನ ಕಣ್ಣಿಗೆ ಏನಾಗಿದೆ ಎಂದು ಅತ್ತೆಯನ್ನು ಕೇಳಿದೆ. ಶಶಿಪ್ರಭಾ ಅತ್ತೆಗೆ ಸುಳ್ಳು ಬರುವುದಿಲ್ಲ. ತೆಂಗಿನಕಾಯಿ ತುರಿಯುವುದು ನಿಲ್ಲಿಸಿದರು.

"ಶುಗರ್‌ನಿಂದ ಅಂತೆ. ಕಣ್ಣಿನ ಹಿಂದೆ ರಕ್ತ ಜಿನುಗ್ತದಂತೆ. ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗುವುದು ಫ್ರೇಮ್ ತರಲಿಕ್ಕೆ ಅಲ್ಲ, ಇಂಜೆಕ್ಷನ್‌ಗೆ. ಕಣ್ಣಿಗೇ ಚುಚ್ಚುವುದು ಮಾರಾಯ್ತಿ... ನಿನಗೆ ಹೇಳಬಾರದೂಂತ ಆಣೆ ಹಾಕಿಸಿದ್ದಾರೆ."

"ಯಾಕೆ ನನಗೆ ಹೇಳಬಾರದು?"

"ಗೊತ್ತಾದರೆ ನೀನು ಪಾಪ ಅಂತ ಇಲ್ಲೇ ನಿಲ್ತಿ. ಪಾಪ ಅಂತ ನಿಲ್ಲುವುದು ಬೇಡವಂತೆ ಅವರಿಗೆ."

ಹಾಗಾದರೆ ಏನೆಂದು ನಿಲ್ಲಬೇಕಿತ್ತು?

ಸಂಜೆ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋಗೆ ಬಂದ ಮಗುವಿನ ಕಾಲರ್ ಸರಿಮಾಡುತ್ತಿದ್ದರು. ಎರಡು ಸಲ ಗುಂಡಿ ಸಿಗಲಿಲ್ಲ. ಎದ್ದು ಹೋಗಿ ಹಾಕಿದೆ. ಹೋಗುವ ಹಾಗಿಲ್ಲ. ಇರುವ ಹಾಗಿಲ್ಲ.

ನವೆಂಬರ್ 29, ಶುಕ್ರವಾರ

ಒಂಬತ್ತು ದಿನ ಬರೆಯಲಿಲ್ಲ.

ಬಾಡಿ ತಂದೆ. ಮಂಗಳೂರಿಗೆ ಒಬ್ಬಳೇ ಹೋಗಿ. ಯಾರೂ ಕೈಹಿಡಿದು ಕರೆದೊಯ್ಯಲಿಲ್ಲ.

ಪ್ರೀತಿಯಿಂದ ಮಾತ್ರ ತಂದದ್ದೆಂದು ಇಲ್ಲಿಯಾದರೂ ಬರೆಯಬಾರದು. ಡಿಸೆಂಬರ್ ಎಂಟಕ್ಕೆ ಮಾವನಿಗೂ ಮೂಡುಬಿದಿರೆಯಲ್ಲಿ ಮದುವೆಯ ಕೆಲಸ ಇದೆ. ಆ ಕ್ಯಾಮರಾ ಕಣ್ಣು ಹುಡುಕುವುದಾದರೆ ಅವರು ಒಬ್ಬರೇ ಹೋಗಬಹುದು. ನಾನು ಬಂಟ್ವಾಳಕ್ಕೆ ಹೋಗಬಹುದು. ಈ ಯೋಚನೆಯೂ ಇತ್ತು.

ಮಾವ ಬಾಕ್ಸ್ ತೆರೆದು ಮಗುವಿನ ಹಾಗೆ ಮೂಸಿ ನೋಡಿದರು. ಅತ್ತೆಯ ಮುಖಕ್ಕೆ ಹಿಡಿದರು. ಸ್ಕ್ರೀನಿನಲ್ಲಿ ಅತ್ತೆಯ ಎಡಗಣ್ಣಿನ ಮೇಲೆ ಹಸಿರು ಚೌಕ ಬಂತು, ತಲೆ ಆಡಿಸಿದರೂ ಬಿಡಲಿಲ್ಲ. ಚೌಕ ದಪ್ಪವಾಗಿ ಕಾಣುವ ಹಾಗೆ ಸೆಟ್ ಮಾಡಿಕೊಟ್ಟೆ. ಯಾಕೆಂದು ಅವರು ಕೇಳಲಿಲ್ಲ.

"ಎಂಟಕ್ಕೆ ನಸೀಬಾಳ ಮನೆಗೆ ಹೋಗ್ತೇನೆ ಮಾವ."

"ಹೋಗು ಹೋಗು. ಇದೊಂದು ಇದ್ದರೆ ನನಗೆ ಯಾರೂ ಬೇಡ."

ನಗುತ್ತಾ ಹೇಳಿದ್ದು. ಆದರೂ ನಾಟಿತು.

ಅಶ್ವಿತರಿಗೆ ಫೋನ್ ಮಾಡಿ ಲೆನ್ಸ್ ಬೇಡ ಎಂದೆ.

ಡಿಸೆಂಬರ್ 9, ಸೋಮವಾರ

ನಿನ್ನೆ ಸಜ್ನಾಳ ಮದುವೆ. ಮೈಯೆಲ್ಲ ನೋವು.

ಏಳೂ ಲೆನ್ಸ್ ಮಾವನ ಜೊತೆ ಹೋಗಿತ್ತು. ನನ್ನ ಪಾಲಿಗೆ ಹಳೆಯ ಬಾಡಿ, ಫಿಫ್ಟಿ. ಮದುಮಗಳ ಕೋಣೆ ಇಷ್ಟೇ ಇಷ್ಟು, ಒಳಗೆ ಇಪ್ಪತ್ತು ಹೆಂಗಸರು. ಗೋಡೆಗೆ ಬೆನ್ನು ಅಂಟಿಸಿ ನಿಂತರೂ ಅರ್ಧ ಜನ ಫ್ರೇಮಿನ ಹೊರಗೆ. ಇಪ್ಪತ್ತನಾಲ್ಕು-ಎಪ್ಪತ್ತು ಇದ್ದಿದ್ದರೆ ಎಂದು ಹತ್ತು ಸಲ ಅಂದುಕೊಂಡೆ. ಹನ್ನೊಂದೂವರೆಗೆ ಶಟರ್ ಸಿಕ್ಕಿಹಾಕಿಕೊಂಡಿತು. ಎರರ್. ಬ್ಯಾಟರಿ ತೆಗೆದು ಹಾಕಿದೆ, ಹೋಯಿತು. ಮತ್ತೆ ಬಂತು. ಒಟ್ಟು ನಾಲ್ಕು ಸಲ. ಪ್ರತಿ ಸಲ ನಸೀಬಾ ಅಡ್ಡ ನಿಂತು ಸಜ್ನಾಳ ಲಿಪ್‌ಸ್ಟಿಕ್ ಸರಿಮಾಡುವ ನೆಪ ಮಾಡಿದಳು.

ಅವರ ಅಜ್ಜಿ ಅವ್ವಮ್ಮ ಮೂಲೆಯಲ್ಲಿ ಕುಳಿತಿದ್ದರು. ಎಂಬತ್ತು ದಾಟಿದೆ.

"ನನ್ನದು ಬೇಡ ಮಗಳೇ. ಆಧಾರ್ ಕಾರ್ಡಿನಲ್ಲಿ ಒಂದು ಉಂಟು, ಸಾಕು."

ಹೊರಡುವಾಗ ಸಜ್ನಾಳ ಗಲ್ಲ ಹಿಡಿದು ಏನೋ ಹೇಳಿದರು, ಇಬ್ಬರೂ ಅಳುತ್ತಾ ನಕ್ಕರು. ತೆಗೆದೆ. ಅವ್ವಮ್ಮ ನೋಡಿಬಿಟ್ಟರು. "ತೋರಿಸು" ಎಂದರು. ತೋರಿಸಿದೆ. ಬಹಳ ಹೊತ್ತು ನೋಡಿ, "ಹಲ್ಲಿಲ್ಲದ್ದು ಕಾಣ್ತದೆ. ಇನ್ನೊಂದು ತೆಗಿ. ಬಾಯಿ ಮುಚ್ಚಿ ಕೂರ್ತೇನೆ."

ಎಂಟು ಗಂಟೆ ಕೆಲಸ. ಒಮ್ಮೆಯೂ ಮಾವ ಎಲ್ಲಿದ್ದಾರೆಂದು ಅಭ್ಯಾಸಕ್ಕೂ ತಿರುಗಿ ನೋಡಲಿಲ್ಲ. ಬಸ್ಸು ಹತ್ತಿದ ಮೇಲೆ ಅದು ಹೊಳೆಯಿತು.

ಡಿಸೆಂಬರ್ 12, ಗುರುವಾರ

ಮಾವನ ಮೂಡುಬಿದಿರೆ ಫೋಟೋ ಎಲ್ಲ ಶಾರ್ಪ್. ಒಂದೊಂದು ರೆಪ್ಪೆಯೂ ಕಾಣುತ್ತದೆ. ಆದರೆ ಧಾರೆಯ ಹೊತ್ತಿಗೆ ಹಸಿರು ಚೌಕ ಹಿಂದೆ ನಿಂತ ಯಾರೋ ಚಿಕ್ಕಪ್ಪನ ಕಣ್ಣು ಹಿಡಿದಿದೆ. ಚಿಕ್ಕಪ್ಪ ಸ್ಪಷ್ಟ, ಮದುಮಕ್ಕಳು ಮಸುಕು. ಹನ್ನೊಂದು ಫೋಟೋ, ಹನ್ನೊಂದೂ ಹಾಗೇ. ಯಾರ ಕಣ್ಣು ಬೇಕೆಂದು ಅದಕ್ಕೆ ಹೇಗೆ ಗೊತ್ತಾಗಬೇಕು.

ಹೇಳಬೇಕೋ ಬೇಡವೋ ಎಂದು ಕುಳಿತಿದ್ದಾಗ ಮಾವ ಬಂದು ನನ್ನ ಬಂಟ್ವಾಳದ ಫೋಲ್ಡರ್ ನೋಡಬೇಕೆಂದರು.

"ಸ್ಯಾಂಪಲ್ ಆಲ್ಬಮ್ಮಿಗೆ ನಾಲ್ಕು ಹಾಕುವ."

"ಆಗುವುದಿಲ್ಲ ಮಾವ. ಸಜ್ನಾಳಿಗೆ ಬಿಟ್ಟು ಬೇರೆ ಯಾರಿಗೂ ತೋರಿಸುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ."

"ನನಗೂ ಇಲ್ಲವಾ?"

"ನಿಮಗೂ ಇಲ್ಲ."

ಈ ಮನೆಗೆ ಬಂದ ಮೇಲೆ ಅವರಿಗೆ ಇಲ್ಲ ಎಂದದ್ದು ಇದೇ ಮೊದಲು. ಅವರು ಹೋದ ಮೇಲೆ ಫೋಲ್ಡರ್ ಮುಚ್ಚಿದೆ. ಧಾರೆಯ ವಿಷಯ ಹೇಳಲೇ ಇಲ್ಲ.

ಡಿಸೆಂಬರ್ 28, ಶನಿವಾರ

ಮೂಡುಬಿದಿರೆಯ ಪಾರ್ಟಿಯವರು ಬಂದಿದ್ದರು. ಧಾರೆಯ ಫೋಟೋ ಎಲ್ಲಿ ಎಂದು. ಗಲಾಟೆ ಮಾಡಲಿಲ್ಲ, ಅದೇ ಕಷ್ಟ. ಮದುಮಗಳ ಅಮ್ಮ ಕಣ್ಣೀರು ಹಾಕಿದರು. ಮಾವ ಕ್ಯಾಮರಾದ ದೋಷ ಎಂದರು. ಹೊಸ ಕ್ಯಾಮರಾ, ಹೀಗಾಗುತ್ತದೆ ಎಂದರು. ನಾನು ಪಕ್ಕದಲ್ಲೇ ನಿಂತು ತಲೆ ಆಡಿಸಿದೆ.

ಅವರು ಹೋದ ಮೇಲೆ ಮಾವ ಡೈರಿ ತೆಗೆದು ಮಾರ್ಚ್‌ವರೆಗಿನ ಪ್ರತಿ ಮದುವೆಯ ಮುಂದೆ ನನ್ನ ಹೆಸರು ಬರೆದರು. ಮೇಲಿಂದ ಕೆಳಗೆ, ದೊಡ್ಡ ದೊಡ್ಡ ಅಕ್ಷರದಲ್ಲಿ. ಪ್ರಾಪ್ತಿ. ಪ್ರಾಪ್ತಿ. ಪ್ರಾಪ್ತಿ. ನನ್ನನ್ನು ಕೇಳಲಿಲ್ಲ.

ಸಂಜೆ ಬೇರೆ ನಂಬರಿನಿಂದ ಫೋನ್. ಮುರ್ಶಿದಾ ಅಂತೆ, ಸಜ್ನಾಳೇ ತನ್ನ ಫೋಟೋ ತೋರಿಸಿದ್ದಾಳೆ. ಜನವರಿ ಇಪ್ಪತ್ತಾರಕ್ಕೆ ಅವಳ ಮದುವೆ. "ಅವ್ವಮ್ಮನನ್ನು ತೆಗೆದ ಹಾಗೆ ನಮ್ಮ ಅಜ್ಜಿಯನ್ನೂ ತೆಗೀಬೇಕು, ಆಗ್ತದಾ?"

ಇಪ್ಪತ್ತಾರಕ್ಕೆ ಮಾವನ ಡೈರಿಯಲ್ಲೂ ನನ್ನ ಹೆಸರಿದೆ.

ಜನವರಿ 2, ಗುರುವಾರ

ಅಶ್ವಿತರಿಗೆ ಫೋನ್. ಏಟಿಫೈವ್ ಹೋಗಿದೆ. ಇಪ್ಪತ್ತನಾಲ್ಕು-ಎಪ್ಪತ್ತು ಇನ್ನೂ ಇದೆ. ಕಂತಿನಲ್ಲಿ ಕೊಡುತ್ತೇನೆ ಎಂದೆ. ಒಪ್ಪಿದರು. ಮುರ್ಶಿದಾಳಿಗೆ ಬರುತ್ತೇನೆ ಎಂದು ಮೆಸೇಜ್ ಹಾಕಿ ಫೋನ್ ಮಗುಚಿ ಇಟ್ಟೆ.

ಜನವರಿ 5, ಆದಿತ್ಯವಾರ, ಮಧ್ಯಾಹ್ನ

ಹೇಳಿದೆ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮಾವ ಕನ್ನಡಕ ಒರೆಸುತ್ತಿದ್ದರು.

"ಇಪ್ಪತ್ತಾರಕ್ಕೆ ನಾನು ಬರುವುದಿಲ್ಲ ಮಾವ. ಬಂಟ್ವಾಳದಲ್ಲಿ ಮದುವೆ ಉಂಟು. ನಾನು ಒಪ್ಪಿಕೊಂಡದ್ದು."

"ಬೇರೆಯವರನ್ನು ಕಳಿಸು."

"ನಾನೇ ಹೋಗುವುದು. ಇನ್ನು ಮುಂದೆಯೂ ಬಂದರೆ ಹೋಗ್ತೇನೆ."

ಒರೆಸುತ್ತಲೇ ಇದ್ದರು. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿದರು. ಕೀ ಕೊಡುತ್ತಾರೆ ಎಂದುಕೊಂಡೆ. ಕರ್ಚೀಫು.

"ಅತ್ತೆ ಹೇಳಿದಳಾ ನಿನಗೆ?"

"ಹೇಳಿದರು. ನವೆಂಬರಿನಲ್ಲೇ."

"ಗೊತ್ತಿದ್ದೂ ಆ ಬಾಡಿ ತಂದೆಯಾ?"

"ಹೌದು."

ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ನನ್ನ ಮುಖ ಅವರಿಗೆ ಎಷ್ಟು ಕಾಣುತ್ತದೋ ಗೊತ್ತಿಲ್ಲ. ಸ್ವಲ್ಪ ಬದಿಗೆ ನೋಡುತ್ತಿದ್ದರು.

"ಇಪ್ಪತ್ತಾರಕ್ಕೆ ಧಾರೆ ಹನ್ನೊಂದು ನಲ್ವತ್ತಕ್ಕೆ. ಎದುರಿನಿಂದ ಯಾರು ತೆಗೆಯುವುದು ಪ್ರಾಪ್ತಿ? ನೀನೇ ಹೇಳು."

ಮೂವತ್ತೆರಡು ವರ್ಷದಿಂದ ಮಂಟಪದ ಎದುರು ನಿಂತವರು ನನ್ನನ್ನು ಕೇಳಿದರು. ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿ ಕೇಳಿದ್ದು.

ಒಂದು ಗಂಟೆಯಾಯಿತು. ಮೇಲೆ ಬಂದು ಕುಳಿತಿದ್ದೇನೆ. ಹೋಗುವುದು ಖಂಡಿತ, ಅದರಲ್ಲಿ ಬದಲಿಲ್ಲ. ಆದರೆ ಉತ್ತರ ಕೊಡದೆ ಮೆಟ್ಟಿಲು ಹತ್ತಿ ಬಂದೆ. ಊಟಕ್ಕೆ ಅವರೂ ಮೇಲೆ ಬಂದಿಲ್ಲ. ಅಮ್ಮ ಎರಡು ಸಲ ಕರೆದಾಯಿತು, ನನ್ನನ್ನೂ, ಅವರನ್ನೂ. ಕೆಳಗೆ ಅಂಗಡಿಯ ಶಟರ್ ಎಳೆದ ಸದ್ದು. ಈಗ ಮೆಟ್ಟಿಲಲ್ಲಿ ಅವರು, ಗೋಡೆ ಮುಟ್ಟಿಕೊಂಡು, ಒಂದೊಂದೇ... ಹೋಗಿ ಹೇಳಬೇಕು, ಮಾವ, ಇಪ್ಪತ್ತಾರಕ್ಕೆ ಎದುರಿನಿಂದ ತೆಗೆಯುವವರನ್ನು ನಾನೇ ಹುಡುಕಿ ಕೊಡ್ತೇನೆ, ನೀವು ಬದಿಯಲ್ಲಿ ನಿಲ್ಲಿ ಎಂದು.